ವಯೋಲಾಣ್ಣನ ನಾಲ್ಕು ಸ್ವರ

ವಾದ್ಯವೃಂದದಲ್ಲಿ ಎಲ್ಲರೂ ಅವನನ್ನು ವಯೋಲಾಣ್ಣ ಎನ್ನುತ್ತಿದ್ದರು. ಪಿಟೀಲಿಗಿಂತ ತುಸು ದೊಡ್ಡದಾದ ಆ ವಾದ್ಯ ಹಿಡಿದು ಹಿಂದಿನ ಸಾಲಿನಲ್ಲಿ ಕೂತೇ ಅವನ ತಲೆ ನರೆತಿತ್ತು. ಜೀವನವಿಡೀ ಬೇರೆಯವರ ಕೃತಿಗಳನ್ನು ನುಡಿಸಿದವನು ತನ್ನದೆಂದು ಬರೆದದ್ದು ಒಂದೇ ಒಂದು. ಅದನ್ನು ಇದ್ದ ಹಾಗೆ ಒಮ್ಮೆ ಕೇಳಬೇಕೆಂಬುದಷ್ಟೇ ಅವನ ಆಸೆ.

ಅದರ ಬೀಜ ನಾಲ್ಕೇ ಸ್ವರ. ನಾಲ್ಕು ಮೆಟ್ಟಿಲು ಇಳಿದು, ನೆಲ ಮುಟ್ಟಲು ಅಂಜಿ ನಿಂತ ಹಾಗೆ. ಮೊದಲು ವಯೋಲಾದಲ್ಲಿ ಬರುತ್ತದೆ. ಆಮೇಲೆ ಕೊಳಲಿನಲ್ಲಿ ತಲೆಕೆಳಗಾಗಿ, ತುತ್ತೂರಿಯಲ್ಲಿ ಒರಟಾಗಿ, ಡ್ರಮ್ಮಿನಲ್ಲಿ ಬರೀ ಲಯವಾಗಿ. ಪ್ರತಿ ಸಲವೂ ಅಲ್ಲೇ ನಿಲ್ಲುತ್ತದೆ. ಕೊನೆಯಲ್ಲಿ ಮಾತ್ರ ಐದನೆಯ ಸ್ವರ ಬಂದು ಕಾಲು ನೆಲಕ್ಕೆ ತಾಗುತ್ತದೆ. ಅಡುಗೆಮನೆಯ ಮೇಜಿನ ಮೇಲೆ, ತರಕಾರಿ ಸಿಪ್ಪೆ ಪಕ್ಕಕ್ಕೆ ಸರಿಸಿ, ವರ್ಷಗಟ್ಟಲೆ ಬರೆದ.

"ಅದನ್ನೇ ಗುನುಗ್ತಿರ್ತೀರಲ್ಲ, ನನ್ನ ನಾಲಿಗೆಗೂ ಅಂಟ್ಕೊಂಡುಬಿಟ್ಟಿದೆ," ಎಂದು ಹೆಂಡತಿ ರೇಗುತ್ತಿದ್ದಳು.

"ಅಂಟ್ಕೊಳ್ಲಿ ಅಂತಾನೇ ಕಣೇ ಬರೀತಿರೋದು."

ಕೊನೆಗೂ ವೃಂದದ ಮುಂದಿನ ಕಾರ್ಯಕ್ರಮಕ್ಕೆ ಅದು ಆಯ್ಕೆಯಾಯಿತು. ತಾಲೀಮಿನ ದಿನ ನಿರ್ದೇಶಕ ಕೆಂಪು ಪೆನ್ಸಿಲು ಹಿಡಿದೇ ಬಂದ.

"ವಯೋಲಾಣ್ಣ, ಕೊನೆ ಭಾಗ ಅಪ್ಪಟ ಚಿನ್ನ. ಆದ್ರೆ ಮಧ್ಯದಲ್ಲಿ ಹೇಳಿದ್ದನ್ನೇ ಹೇಳಿದೀರಿ. ಕೊಳಲು, ತುತ್ತೂರಿ, ಡ್ರಮ್ಮು, ಮೂರೂ ಕಡೆ ತೆಗೆದಿದೀನಿ."

"ಕಾದಿದ್ರೆ ತಾನೇ ಸಾರ್, ಬಂದಿದ್ದು ಗೊತ್ತಾಗೋದು?"

"ಜನ ಅಷ್ಟೊತ್ತು ಕಾಯಲ್ಲ ರೀ."

"ನನಗೂ ಒಂಚೂರು ಉಸಿರು ಉಳೀತು ಬಿಡಿ," ಎಂದ ತುತ್ತೂರಿಯವನು. ಎಲ್ಲರೂ ಗೊಳ್ಳೆಂದರು.

ವಯೋಲಾಣ್ಣ ಎದ್ದು, ಒಬ್ಬೊಬ್ಬರ ಮುಂದಿನಿಂದಲೂ ತನ್ನ ಹಾಳೆಗಳನ್ನು ಎತ್ತಿಕೊಂಡ. ಅದರ ಬದಲಿಗೆ ಕಾರ್ಯಕ್ರಮಕ್ಕೆ ಇನ್ಯಾರದೋ ಕೃತಿ ಸೇರಿತು. ಅದಕ್ಕೂ ಅವನೇ ವಯೋಲಾ ನುಡಿಸಿದ, ಒಂದು ಸ್ವರವೂ ತಪ್ಪದೆ.

ಆ ವರ್ಷ ಮುಗಿಯುವ ಮೊದಲೇ ಹೃದಯ ಕೈಕೊಟ್ಟಿತು. ಕೃತಿಯನ್ನು ಕೇಳದೆಯೇ ಹೋದ.

ನಿರ್ದೇಶಕನ ಬಳಿ ಕೆಂಪು ಗೆರೆ ಎಳೆದ ಒಂದು ಪ್ರತಿ ಉಳಿದಿತ್ತು. ಸಂತಾಪ ಸಭೆಯಲ್ಲಿ ಅದರ ಕೊನೆಯ ಭಾಗವನ್ನಷ್ಟೇ, ಬಹಳ ಪ್ರೀತಿಯಿಂದ ನುಡಿಸಿದರು. ಐದು ಸ್ವರವೂ ಎಲ್ಲೂ ನಿಲ್ಲದೆ ಬಂದವು, ಸಲೀಸಾಗಿ. ತುತ್ತೂರಿಯವನು ಕಣ್ಣೊರೆಸಿಕೊಂಡ.

ನಿರ್ದೇಶಕ ಮೊದಲ ಸಾಲಿಗೆ ಬಂದು ವಯೋಲಾಣ್ಣನ ಹೆಂಡತಿಯೆದುರು ಬಾಗಿದ. "ಎಂಥ ಕೃತಿ ಬರೆದ್ರು ಅಮ್ಮ!"

"ಅವರು ಬರೆದದ್ದನ್ನ ನುಡಿಸಿದ್ರಾ?"

"ಚೆನ್ನಾಗಿರೋ ಭಾಗ ನುಡಿಸಿದ್ವಿ."

"ಹಾಗಾದ್ರೆ ಅದಕ್ಕೆ ನಿಮ್ಮ ಹೆಸರೇ ಇಟ್ಕೊಳ್ಳಿ," ಎಂದು ಅವಳು ಚೀಲ ಎತ್ತಿಕೊಂಡು ಹೊರಟಳು.

ನಿರ್ದೇಶಕ ಪಕ್ಕದವನತ್ತ ತಿರುಗಿ ದನಿ ತಗ್ಗಿಸಿದ. "ದುಃಖದಲ್ಲಿದ್ದಾರೆ, ಪಾಪ."