ಯಾರಿಂದ ಆಯಿತು ಎಂಬ ಕಾಲಂ

ಆಫೀಸಿನ ತಿರುಗುವ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಅರ್ಧ ಮುಚ್ಚಿ, ತೋರುಬೆರಳಿನಿಂದ ಮೊಣಕಾಲನ್ನು ಮೆಲ್ಲಗೆ ತಟ್ಟುತ್ತಿದ್ದರೆ ನಮ್ಮ ಟೀಮ್ ಲೀಡ್ ನಿದ್ದೆ ಹೋಗಿದ್ದಾರೆ ಎಂದೇ ಹೊಸಬರು ತಿಳಿಯುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಮೊದಲ ವಾರ ನಾನು ಬರೆದ ಪ್ರೋಗ್ರಾಮನ್ನು ಅವರಿಗೆ ವಿವರಿಸುತ್ತ, ಹೇಗೂ ಮಲಗಿದ್ದಾರಲ್ಲ ಎಂದು ಒಂದು ಭಾಗವನ್ನು ಹಾರಿಸಿಬಿಟ್ಟೆ. ಬೆರಳು ನಿಂತಿತು. "ಅದನ್ಯಾಕ ಬಿಟ್ಟಿ ತಮ್ಮಾ? ಅಲ್ಲೇ ಏನೋ ಐತಿ," ಎಂದರು, ಕಣ್ಣು ತೆರೆಯದೆ. ತಪ್ಪು ಅಲ್ಲೇ ಇತ್ತು.

ಅವರು ವಿಜಯಪುರದ ಕಡೆಯವರು. ಅಲ್ಲಿ ಶಾಲೆಯ ಟೀಚರನ್ನು ಅಕ್ಕೋರು ಎನ್ನುತ್ತಾರಂತೆ. ನಮ್ಮ ಟೀಮಿನ ಕನ್ನಡಿಗರಿಗೆಲ್ಲ ಅವರು ಅಕ್ಕೋರೇ ಆದರು, ಮೈಸೂರಿನವನಾದ ನನಗೂ. ಗಚ್ಚಿಬೌಲಿ ಬಡಾವಣೆಯಲ್ಲಿ ನಮ್ಮ ಆಫೀಸು, ಆರನೆಯ ಮಹಡಿ. ಕಿಟಕಿಯಾಚೆ ಬಂಡೆಗಳು, ಬಂಡೆಗಳ ನಡುವೆ ತಿಂಗಳಿಗೊಂದರಂತೆ ಏಳುತ್ತಿದ್ದ ಗಾಜಿನ ಕಟ್ಟಡಗಳು. ಮಧ್ಯಾಹ್ನ ನಾಲ್ಕರ ಬಿಸಿಲಿಗೆ ಧೂಳು ಹೊಂಬಣ್ಣಕ್ಕೆ ತಿರುಗಿ, ಬಂಡೆ, ಕ್ರೇನು, ರಸ್ತೆಯ ಕ್ಯಾಬುಗಳು ಎಲ್ಲವೂ ನೆಲ ಬಿಟ್ಟು ತೇಲುತ್ತಿರುವಂತೆ ಕಾಣುತ್ತಿದ್ದವು. ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ಬರುವುದು ಆ ಬೆಳಕು, ಆಮೇಲೆ ಕೆಲಸ.

ಅಕ್ಕೋರ ಮನೆ ಊರಿನ ಇನ್ನೊಂದು ತುದಿಯ ಉಪ್ಪಲ್‌ನಲ್ಲಿ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಕಂಪನಿಯ ಬಸ್ಸಿನಲ್ಲಿ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ; ಅವರಿಗೆ ಮಧ್ಯಾಹ್ನದ ಊಟ ಮಾಡಿಸುತ್ತಿದ್ದುದು ಪಕ್ಕದ ಮನೆಯವರು. ಬಸ್ಸಿನಲ್ಲಿ ಬಿದ್ದ ಕನಸನ್ನು ಅಕ್ಕೋರು ಬೆಳಗ್ಗೆ ಬಂದವರೇ ನಮಗೆ ಹೇಳುತ್ತಿದ್ದರು. "ಇವತ್ತ ಉಪ್ಪಲ್, ಗಚ್ಚಿಬೌಲಿ ಎರಡೂ ಎದುರುಬದುರು ಮನಿ ಆಗಿದ್ವು ನೋಡ್ರಿ. ನಡುವ ಒಂದು ಸಣ್ಣ ಓಣಿ. ಆಫೀಸಿನಾಗ ಕುಂತು ಅವ್ವನ ಕೆಮ್ಮು ಕೇಳಾಕತ್ತಿದ್ನಿ!" ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ನಮ್ಮಲ್ಲಿ ಯಾವುದೇ ತಪ್ಪಾದರೂ ಒಂದು ವರದಿ ತುಂಬಬೇಕಿತ್ತು. ಅದರಲ್ಲಿ 'ಯಾರಿಂದ ಆಯಿತು' ಎಂದೊಂದು ಕಾಲಂ. ಕೆಲಸಕ್ಕೆ ಸೇರಿ ವರ್ಷ ತುಂಬದವರು ತಪ್ಪು ಮಾಡಿದರೆ ಅಕ್ಕೋರು ಆ ಕಾಲಮಿನಲ್ಲಿ ತಮ್ಮದೇ ಹೆಸರು ಬರೆಯುತ್ತಿದ್ದರು. ಕೇಳಿದರೆ, "ಮೊದಲನೇ ವರ್ಷದ ತಪ್ಪು ಕಲಿಯೋರದಲ್ಲ, ಕಲಿಸೋರದು," ಎನ್ನುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ನನ್ನ ತಪ್ಪು ಸಣ್ಣದಲ್ಲ. ಒಂದು ಆಸ್ಪತ್ರೆಗೆ ಡಾಕ್ಟರ ಭೇಟಿಯ ಸಮಯ ಗೊತ್ತುಮಾಡುವ ವ್ಯವಸ್ಥೆ ಕಟ್ಟುತ್ತಿದ್ದೆವು. ಪರೀಕ್ಷೆಗೆಂದು ಇಟ್ಟ ನಕಲಿ ಪಟ್ಟಿ ಎಂದುಕೊಂಡು ನಾನು ನಿಜವಾದ ರೋಗಿಗಳಿಗೇ 'ನಿಮ್ಮ ನಾಳೆಯ ಭೇಟಿ ರದ್ದಾಗಿದೆ' ಎಂಬ ಸಂದೇಶ ಕಳಿಸಿಬಿಟ್ಟೆ. ಅಕ್ಕೋರು ನನ್ನ ಪಕ್ಕದಲ್ಲಿ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ, ತೆಲುಗಿನಲ್ಲಿ, ಹಿಂದಿಯಲ್ಲಿ ಕ್ಷಮೆ ಕೇಳಿದರು. ಸಂಜೆ ವರದಿಯಲ್ಲಿ ತಮ್ಮ ಹೆಸರು ಬರೆದರು. ನಾನು ಅತ್ತೆ. "ಅಳೋದು ಆಮ್ಯಾಲ. ಮೊದಲ, ಹಿಂಗ ಇನ್ನೊಮ್ಮೆ ಆಗದಂಗ ಅಲ್ಲೊಂದು ತಡೆ ಹಾಕು," ಎಂದರು.

ನಾಲ್ಕು ತಿಂಗಳ ಮೇಲೆ ಅವರಿಗೆ ಉಪ್ಪಲ್‌ನ ಒಂದು ಕಂಪನಿಯಲ್ಲಿ ಕೆಲಸ ನಿಶ್ಚಯವಾಯಿತು. ಮನೆಯಿಂದ ನಡೆದು ಹತ್ತು ನಿಮಿಷ. "ಮಧ್ಯಾಹ್ನ ಅವ್ವಗ ನಾನೇ ಉಣಸ್ತೀನಿ," ಎಂದು ಊಟದ ಡಬ್ಬಿಯ ಮುಂದೆ ಕೂತು ಎಷ್ಟು ಸಲ ಹೇಳಿದರೋ. ಅದೇ ವಾರ, ನಮ್ಮ ಟೀಮ್ ಬಿಟ್ಟುಹೋಗಿದ್ದ ಇಬ್ಬರು, ಕಂಪನಿಗಳ ಬಗ್ಗೆ ಯಾರು ಬೇಕಾದರೂ ಬರೆಯಬಹುದಾದ ವೆಬ್‌ಸೈಟಿನಲ್ಲಿ ಅಕ್ಕೋರ ವಿಷಯ ಬರೆದರು. ಹೆಸರು ಹಾಕದಿದ್ದರೂ ಬರವಣಿಗೆ ನೋಡಿದರೆ ಯಾರೆಂದು ನಮಗೆ ಗೊತ್ತಾಗುತ್ತಿತ್ತು. ಜೊತೆಗೆ ಆ ವರದಿಗಳ ಫೋಟೊ. 'ಎಲ್ಲ ತಪ್ಪೂ ಇವರದೇ, ಇಂಥವರು ಲೀಡ್!' ಅದರಲ್ಲಿ ಒಂದು ತಪ್ಪು ಬರೆದ ಇಬ್ಬರಲ್ಲಿ ಒಬ್ಬನದೇ ಎಂದು ನಮಗೆಲ್ಲ ತಿಳಿದಿತ್ತು, ಇನ್ನೊಂದು ನನ್ನದು. ಅದನ್ನು ನೋಡಿದ ಉಪ್ಪಲ್‌ನ ಕಂಪನಿ ಅಕ್ಕೋರಿಂದ ವಿವರಣೆ ಕೇಳಿತು.

ಯಾರ ಯಾರ ತಪ್ಪು ಎಂದು ಹೆಸರು ಬರೆದಿದ್ದರೆ ಮುಗಿಯುತ್ತಿತ್ತು. "ಬರೆದುಬಿಡಿ ಅಕ್ಕೋರೆ," ಎಂದು ಟೀಮಿನವರು ಗೋಗರೆದರು. "ಹೆಸರು ಬರದ್ರ ಅದು ಉತ್ತರ ಆಗೂದಿಲ್ಲರಿ, ಚಾಡಿ ಆಗತೈತಿ," ಎಂದರು. ತಮ್ಮ ರೂಢಿ ಏನೆಂದು ನಾಲ್ಕೇ ಸಾಲು ಬರೆದರು. ಕಂಪನಿಗೂ ಅದೇ, ವೆಬ್‌ಸೈಟಿಗೂ ಅದೇ. ಅದರ ಕೆಳಗೆ ಜನ, 'ಕಥೆ ಚೆನ್ನಾಗಿದೆ' ಎಂದು ನಕ್ಕರು.

ನನ್ನ ಕೆಲಸ ಖಾಯಂ ಆಗುವ ಪತ್ರ ಆ ವಾರವೇ ಬರುವುದಿತ್ತು. ಮೂರು ದಿನ ನಾನು ಬಾಯಿ ಬಿಡಲಿಲ್ಲ. ಮಿಯಾಪುರದ ನನ್ನ ಬಾಡಿಗೆ ಕೋಣೆಯಿಂದ ಆಫೀಸಿಗೆ ಹೋಗಿ, ತಲೆ ತಗ್ಗಿಸಿ ಕೂತು, ವಾಪಸು ಬರುತ್ತಿದ್ದೆ. ಪತ್ರ ಕೈಗೆ ಬಂದದ್ದು ಮೂರನೆಯ ದಿನ. ನಾಲ್ಕನೆಯ ದಿನ ರಜೆ ಹಾಕಿ, ಎರಡು ಬಸ್ ಬದಲಿಸಿ ಉಪ್ಪಲ್‌ಗೆ ಹೋದೆ. ಆ ಕಂಪನಿಯ ಮ್ಯಾನೇಜರು ನನ್ನ ಮಾತನ್ನು ಪೂರ್ತಿ ಕೇಳಿದರು, ಒಳ್ಳೆಯ ಮನುಷ್ಯ. "ನಿನ್ನೆ ಬಂದಿದ್ದರೆ ಚೆನ್ನಾಗಿತ್ತು. ಬೇರೆಯವರಿಗೆ ಕೊಟ್ಟುಬಿಟ್ಟೆವು," ಎಂದು ಹಿಂದಿಯಲ್ಲಿ ಹೇಳಿದರು.

ಮರುದಿನ, ಉಪ್ಪಲ್‌ಗೆ ಹೋಗಿಬಂದದ್ದನ್ನು ಅಕ್ಕೋರಿಗೆ ಹೇಳಿದೆ. ಅವರು ಕಣ್ಣು ಅರ್ಧ ಮುಚ್ಚಿ ಕೇಳಿದರು. ಬಿಸಿಲು ಅವರ ಮೇಜಿನ ಮೇಲೆ ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. "ಅಷ್ಟು ದೂರ ಹೋಗಿದ್ದಿಯೇನೋ? ಉಂಡಿಯೋ ಇಲ್ಲೋ?" ಎಂದರು.

ಮುಂದಿನ ಬೇಸಿಗೆಯಲ್ಲಿ ಅವರ ತಾಯಿ ತೀರಿಕೊಂಡರು, ಮಧ್ಯಾಹ್ನ ಊಟದ ಹೊತ್ತಿನಲ್ಲಿ. ಅಕ್ಕೋರು ಆಗ ನಮ್ಮ ಜೊತೆ ಆರನೆಯ ಮಹಡಿಯಲ್ಲಿದ್ದರು. ಫೋನು ಬಂದಾಗ ನಾನೇ ಅವರನ್ನು ಕ್ಯಾಬಿನಲ್ಲಿ ಕರೆದುಕೊಂಡು ಹೋದೆ. ಎರಡು ಗಂಟೆಯ ದಾರಿಯುದ್ದಕ್ಕೂ ಅವರು ಕಣ್ಣು ತೆರೆದುಕೊಂಡೇ ಇದ್ದರು.

ಹೋದ ವರ್ಷ ಅಕ್ಕೋರೂ ಹೋದರು. ಅಷ್ಟು ವರ್ಷ ಮಾತಾಡಿಕೊಂಡಿದ್ದೆವು, ಹಬ್ಬಕ್ಕೆ ಅವರ ಮನೆಯಲ್ಲಿ ಉಂಡಿದ್ದೆ, ನನ್ನ ಮದುವೆಗೆ ಅವರು ಮೈಸೂರಿಗೆ ಬಂದಿದ್ದರು. ಆ ಮೂರು ದಿನ ನೀನು ಯಾಕೆ ಸುಮ್ಮನಿದ್ದೆ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಹೇಳಿ ಹಗುರಾಗುತ್ತಿದ್ದೆ.