ಉಡಿ ತುಂಬಿ ಕಳಿಸಿದ ಕಾರು

ಕಳೆದ ವಾರ ಸೊರಬದಿಂದ ಬಂದ ಅಕ್ಕ ಊಟವಾದ ಮೇಲೆ ತನ್ನ ಚೀಲದಿಂದ ಒಂದು ಹಸಿರು ಬಟ್ಟೆಯ ಗಂಟು ತೆಗೆದು ನನ್ನ ಕೈಗಿಟ್ಟಳು. ಬಿಚ್ಚಿದರೆ ಒಳಗೆ ನಿಂಬೆಹಣ್ಣಿನ ಗಾತ್ರದ ಒಂದು ಬೀಟೆ ಮರದ ಗುಂಡಿ. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಯಿತು. ಬಿಸಿಲಿಗೆ ಕಾದ ರೆಕ್ಸಿನ್, ಪೆಟ್ರೋಲು, ವಿಭೂತಿ, ಬೆವರು… ಎಲ್ಲ ಸೇರಿದ ಆ ವಾಸನೆ ಅಪ್ಪಾಜಿಯ ಕಾರಿನದು. ಇಷ್ಟು ವರ್ಷ ಅದು ಆ ಗುಂಡಿಯಲ್ಲಿ ಉಳಿದಿತ್ತೋ, ನನ್ನ ಮೂಗಿನಲ್ಲೇ ಉಳಿದಿತ್ತೋ ಗೊತ್ತಿಲ್ಲ. ಆದರೆ ಆ ವಾಸನೆಯ ಹಿಂದೆಯೇ ಎದ್ದು ಬಂದ ಮುಖ ಅಪ್ಪಾಜಿಯದಲ್ಲ, ಅಕ್ಕನ ಮಾವನದು. ನನಗೆ ಸಹಿಸಲಾಗದ್ದು ಇದೇ. ನನ್ನ ಅಪ್ಪನ ಕಾರನ್ನು ನೆನೆದರೆ ಸಾಕು, ಆ ಮನುಷ್ಯ ಕರೆಯದೆ ಬಂದು ಮುಂದೆ ನಿಲ್ಲುತ್ತಾರೆ.

ಅವರು ತೀರಿಕೊಂಡು ಕೆಲವು ತಿಂಗಳಾದವು. ಹೋದವರ ಬಗ್ಗೆ ಹಾಗೆಲ್ಲ ಆಡಬೇಡ ಎಂದು ಅಕ್ಕ ಈಗಲೂ ನನ್ನ ಮೇಲೆ ಕೆಂಗಣ್ಣು ಬಿಡುತ್ತಾಳೆ. ಒಳ್ಳೆಯದು ಆಡೋಣವೆಂದರೆ ನನ್ನ ಹತ್ತಿರ ಅಂಥದ್ದೇನೂ ಇಲ್ಲ. ಅವರು, ಇವರು ಎಂದು ಬರೆಯುತ್ತಿರುವುದು ಅವ್ವ ಕಲಿಸಿದ ಮರ್ಯಾದೆಗೆ. ಮನಸ್ಸಿನೊಳಗೆ ನಾನು ಅವರಿಗೆ ಅಷ್ಟು ಮರ್ಯಾದೆ ಕೊಟ್ಟದ್ದಿಲ್ಲ.

ಶಿಕಾರಿಪುರದ ಪೇಟೆಯಲ್ಲಿ ಅಪ್ಪಾಜಿಯದು ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ. ಈಗ ಅದನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಆಗ ನಮ್ಮದೊಂದು ಕೆನೆ ಬಣ್ಣದ ಹಳೆಯ ಅಂಬಾಸಿಡರ್ ಇತ್ತು, ಯಾರೋ ಡಾಕ್ಟರು ಓಡಿಸಿ ಬಿಟ್ಟದ್ದು. ಅದರ ಗೇರು ನೆಲದಲ್ಲಿರಲಿಲ್ಲ, ಸ್ಟೇರಿಂಗಿನ ಪಕ್ಕದಿಂದಲೇ ಕೋಲಿನಂತೆ ಚಾಚಿಕೊಂಡಿತ್ತು. ಅದರ ತುದಿಯ ಗುಂಡಿ ಒಡೆದುಹೋದಾಗ ಅಪ್ಪಾಜಿ ಅಂಗಡಿಯಲ್ಲಿ ಸಿಗುವುದನ್ನು ಹಾಕಿಸದೆ ತೊಗರ್ಸಿಯ ಬಡಿಗೇರರೊಬ್ಬರ ಹತ್ತಿರ ಬೀಟೆಯ ತುಂಡಿನಲ್ಲಿ ಹೊಸದು ಮಾಡಿಸಿದರು. ಹಾಗೇ ಅಲ್ಲಿಯ ಮಲ್ಲಿಕಾರ್ಜುನನ ಗುಡಿಗೆ ಹೋಗಿ ಅದಕ್ಕೆ ವಿಭೂತಿ ಹಚ್ಚಿಸಿಕೊಂಡು ಬಂದರು. ಅವರ ಎಡಗೈ ಯಾವಾಗಲೂ ಆ ಗುಂಡಿಯ ಮೇಲೇ ಇರುತ್ತಿತ್ತು, ಗೇರು ಬದಲಿಸುವುದಿರಲಿ ಬಿಡಲಿ.

ಉಡುತಡಿಯ ಕಡೆ ಹೋಗುವಾಗ ರಸ್ತೆ ತುಂಬ ಕುರಿಹಿಂಡು ಎದುರಾಗುತ್ತಿತ್ತು. ಬೇರೆಯವರು ಹಾರನ್ ಬಾರಿಸಿ ಬಾರಿಸಿ ಕುರಿ ಕಾಯುವವರ ಹತ್ತಿರ ಬೈಸಿಕೊಳ್ಳುತ್ತಿದ್ದರು. ಅಪ್ಪಾಜಿ ಎಂಜಿನ್ ಬಂದ್ ಮಾಡಿ, ಕೊನೆಯ ಮರಿ ದಾಟುವವರೆಗೂ ಸುಮ್ಮನೆ ಕೂತಿರುತ್ತಿದ್ದರು. "ನಮ್ ಅವಸರ ಅವುಕ್ಕೇನ್ ಗೊತ್ತೈತಿ," ಎನ್ನುತ್ತಿದ್ದರು.

ನನಗೆ ಅವರು ಕಾರು ಕಲಿಸಿದ್ದು ಅಂಬ್ಲಿಗೊಳದ ಕೆರೆಯ ಏರಿಯ ಕೆಳಗಿನ ರಸ್ತೆಯಲ್ಲಿ. ಅಕ್ಕ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು ದೇವರನ್ನೆಲ್ಲ ಕರೆಯುತ್ತಿದ್ದಳು. "ಕ್ಲಚ್ ಮ್ಯಾಲಿಂದ ಕಾಲ್ ಒಮ್ಮಿಗೇ ತಗೀಬ್ಯಾಡ. ಮಲಗಿದ ಕೂಸಿನ ತಲೆ ಕೆಳಗಿಂದ ಕೈ ತಗಿತೀವಲ್ಲ, ಹಂಗೆ ತಗಿ," ಎಂದು ಅಪ್ಪಾಜಿ ಹೇಳಿಕೊಟ್ಟರು. ಇವತ್ತಿಗೂ ನಾನು ಗಾಡಿ ಎತ್ತುವುದು ಹಾಗೆಯೇ. ಪೇಟೆಯ ಎಷ್ಟೋ ಜನರಿಗೆ ಅವರೇ ಗುರು. ನಡುವಯಸ್ಸು ದಾಟಿದ ಮೇಲೆ ಕಲಿಯಲು ನಾಚುವವರನ್ನು ಬೆಳಕು ಹರಿಯುವ ಹೊತ್ತಿಗೆ, ರಸ್ತೆಯಲ್ಲಿ ಯಾರೂ ಇಲ್ಲದಾಗ ಕರೆದುಕೊಂಡು ಹೋಗುತ್ತಿದ್ದರು. ಯಾರು ಎಷ್ಟು ಸಲ ಗಾಡಿ ಬಂದ್ ಬೀಳಿಸಿದರು ಎಂಬುದನ್ನು ನಾವು ಎಷ್ಟು ಕೆದಕಿ ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ.

ಅಕ್ಕನನ್ನು ಕೊಟ್ಟದ್ದು ಸೊರಬಕ್ಕೆ. ಅವಳ ಮಾವ ಅಕ್ಕಿ ಗಿರಣಿ ಇಟ್ಟವರು, ಎತ್ತರದ ಆಳು, ಇಸ್ತ್ರಿ ಮುರಿಯದ ಬಿಳಿ ಪಂಚೆ. ಬೇರೆಯವರ ಮನೆಯ ಸಾಮಾನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದು ಅವರ ಚಾಳಿ. ಹಾಗೆ ನೋಡಿದ್ದು ಮುಂದೆ ಅವರ ಮನೆಗೂ ಬರುತ್ತಿತ್ತು. ಬಂದ ಮೇಲೆ ಅದಕ್ಕೆ ಮುಕ್ತಿ ಇಲ್ಲ. ಗೋಡೆ ಗಡಿಯಾರ ಸವೆದುಹೋಗುತ್ತದೆಂದು ಕೀ ಕೊಡುತ್ತಿರಲಿಲ್ಲ. ಆ ಮನೆಯ ಟೀವಿಗೆ ಇದ್ದಷ್ಟು ಹೊದಿಕೆ ನನ್ನ ಅಕ್ಕನಿಗೆ ಚಳಿಗಾಲದಲ್ಲೂ ಇರಲಿಲ್ಲ ಎಂದು ನಾನು ಆಡಿಕೊಳ್ಳುತ್ತಿದ್ದೆ. ಅವ್ವ ಬೈಯುತ್ತಿದ್ದಳು, ಆದರೆ ನಗುತ್ತಲೇ ಬೈಯುತ್ತಿದ್ದಳು.

ಮದುವೆಯ ಮರುವರ್ಷ ಅಪ್ಪಾಜಿ, ಅವ್ವನನ್ನು ಕೂರಿಸಿಕೊಂಡು ನಾನೇ ಕಾರು ಓಡಿಸಿ ಸೊರಬಕ್ಕೆ ಹೋದೆ. ಗೇಟಿನ ಹತ್ತಿರ ನಿಂತಿದ್ದ ಅಕ್ಕನ ಮಾವ ನನ್ನನ್ನು ಸ್ಟೇರಿಂಗಿನ ಹಿಂದೆ ಕಂಡು ನಿಂತಲ್ಲೇ ನಿಂತುಬಿಟ್ಟರು.

"ಇವಳೇ ಓಡಿಸ್ಕೊಂಡು ಬಂದದ್ದಾ ಬೀಗರೇ?" ಎಂದು ಅಪ್ಪಾಜಿಯನ್ನು ಕೇಳಿದರು. ನಾನು ಎದುರಿಗೇ ಇದ್ದೆ, ನನ್ನನ್ನು ಕೇಳಲಿಲ್ಲ.

ನಾವು ಒಳಗೆ ಕಾಫಿ ಕುಡಿಯುತ್ತಿದ್ದಾಗ ಅವರು ಮತ್ತೆ ಮತ್ತೆ ಹೊರಗೆ ಹೋಗಿ ಬಂದರು. ಕಿಟಕಿಯಿಂದ ನೋಡಿದರೆ ಕಾರಿನೊಳಗೆ ಕೈ ಹಾಕಿ ಆ ಬೀಟೆಯ ಗುಂಡಿಯನ್ನು ಸವರುತ್ತಿದ್ದರು. ಹೆಣ್ಣುಹುಡುಗಿ ಗಾಡಿಗೆ ಏನು ಏಟು ಮಾಡಿಕೊಂಡು ಬಂದಿದ್ದಾಳೆ ಎಂದು ಹುಡುಕುತ್ತಿದ್ದಾರೆ ಅಂದುಕೊಂಡೆ. ಮೈಯೆಲ್ಲ ಉರಿಯಿತು.

ಹೆಚ್ಚು ದಿನ ಆಗಲಿಲ್ಲ, ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದರು. ಚಹಾದ ಲೋಟ ಕೆಳಗಿಡುವ ಮೊದಲೇ ಮಾತು ತೆಗೆದರು. "ಆ ಗಾಡಿ ನಮಗೆ ಕೊಟ್ಟುಬಿಡಿ ಬೀಗರೇ. ಬೆಲೆ ನೀವು ಹೇಳಿದ್ದೇ ಆಗ್ಲಿ. ನಿಮ್ಮ ಮಗಳು ಬಸ್ಸಿಗೆ ಕಾಯ್ತಾ ನಿಲ್ಲೋದು ನನಗೆ ನೋಡ್ಲಿಕ್ಕೆ ಆಗೂದಿಲ್ಲ ಮಾರಾಯ್ರೇ."

ಮಗಳನ್ನು ಕೊಟ್ಟ ಮನೆಯವರು ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಅನ್ನುವ ರೂಢಿ ನಮ್ಮಲ್ಲಿಲ್ಲ. ಅದು ಗೊತ್ತಿದ್ದೇ ಅವರು ಕೇಳಿದ್ದು. ಅಪ್ಪಾಜಿ ಹೆಗಲ ಮೇಲಿನ ಟವೆಲ್ಲು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ಆಗ್ಲಿ ಬಿಡ್ರಿ," ಅಂದರು. ಬೆಲೆಯಲ್ಲಿ ಆ ಮನುಷ್ಯ ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಮೋಸ ಮಾಡಿದ್ದರೆ ಬಾಯಿ ತುಂಬ ಬೈಯಲಿಕ್ಕಾದರೂ ಆಗುತ್ತಿತ್ತು. ಆ ಸುಖವನ್ನೂ ಅವರು ನಮಗೆ ಕೊಡಲಿಲ್ಲ.

ಕಾರು ಹೋಗುವ ದಿನ ಅವ್ವ ಒಂದು ಕೆಲಸ ಮಾಡಿದಳು. ಗಾಡಿ ಮಗಳ ಮನೆಗೆ ಹೋಗುತ್ತಿದೆ, ಬರಿದಾಗಿ ಹೇಗೆ ಕಳಿಸುವುದು ಅಂದವಳೇ, ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳಿಗೆ ತುಂಬುವಂತೆ ಕಾರಿಗೂ ಉಡಿ ತುಂಬಿದಳು. ಮುಂದಿನ ಸೀಟಿನ ಮೇಲೆ ಹಸಿರು ಕುಪ್ಪಸದ ಕಣ ಹಾಸಿ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಬೆಲ್ಲದಚ್ಚು, ಹಸಿರು ಬಳೆ ಇಟ್ಟು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು. ನಾನು ನಕ್ಕೆ. ಅಪ್ಪಾಜಿ ನಗಲಿಲ್ಲ. ಅಕ್ಕನ ಮಾವ ಒಬ್ಬ ಬಾಡಿಗೆ ಡ್ರೈವರನ್ನು ಕರೆತಂದಿದ್ದರು. ಅವನು ಗೇರು ಹಾಕಿದ ಸದ್ದಿಗೆ ಅಪ್ಪಾಜಿಯ ಎಡಗೈ ತಾನಾಗಿ ಅಲುಗಿತು… ಅದನ್ನು ನೋಡಿದವಳು ನಾನೊಬ್ಬಳೇ. ಕಾರು ತಿರುವು ದಾಟಿದ ಮೇಲೆ ಅವರು ಅಂಗಡಿಗೆ ನಡೆದುಕೊಂಡು ಹೋದರು.

ಆ ಕಾರು ಸೊರಬ ಮುಟ್ಟಿದ ಮೇಲೆ ಮತ್ತೆ ರಸ್ತೆ ಕಾಣಲಿಲ್ಲ. ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಅದನ್ನು ನಿಲ್ಲಿಸಿ, ತಾಡಪಾಲು ಹೊದಿಸಿ, ಕೀಲಿಯನ್ನು ಅಕ್ಕನ ಮಾವ ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಭಾವನಿಗೆ ಗಾಡಿ ಓಡಿಸಲು ಬರುತ್ತಿತ್ತು, ಅವರಿಗೂ ಕೊಡಲಿಲ್ಲ. ಅಕ್ಕ ಮಾತ್ರ ಹಿಂದಿನಂತೆಯೇ ಬಸ್ಸಿಗೆ ಕಾಯುತ್ತ ನಿಂತಳು. ಎರಡನೆಯ ಹೆರಿಗೆಗೆ ನೋವು ಬಂದಾಗಲೂ ಆಸ್ಪತ್ರೆಗೆ ಹೋದದ್ದು ಪಕ್ಕದವರ ಆಟೋದಲ್ಲಿ, ಶೆಡ್ಡಿನ ಮುಂದೆಯೇ ಹಾದು. ಆ ಸುದ್ದಿ ಕೇಳಿದ ದಿನದಿಂದ ನಾನು ಆ ಮನುಷ್ಯನಿಗೆ ನಮಸ್ಕಾರ ಮಾಡುವುದನ್ನು ಬಿಟ್ಟೆ.

ಅಪ್ಪಾಜಿ ಸೊರಬಕ್ಕೆ ಹೋದಾಗಲೆಲ್ಲ ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ನೆವದಲ್ಲಿ ಶೆಡ್ಡಿನ ಕಡೆ ಒಂದು ಸುತ್ತು ಹಾಕುತ್ತಿದ್ದರು. ಒಮ್ಮೆ ಟೈರಿನಲ್ಲಿ ಗಾಳಿ ಇರಲಿಲ್ಲ, ಇನ್ನೊಮ್ಮೆ ಕೆಳಗಿನ ತಗಡು ತುಕ್ಕು ಹಿಡಿದಿತ್ತು. "ವಾರಕ್ಕೊಂದ್ಸಲನಾದ್ರೂ ಚಾಲೂ ಮಾಡ್ರಿ ಬೀಗರೇ, ಎಂಜಿನ್ ಜಾಮ್ ಆಗ್ತೇತಿ," ಎಂದು ಬೇಡುವವರಂತೆ ಹೇಳುತ್ತಿದ್ದರು. "ನೋಡುವ, ನೋಡುವ," ಎನ್ನುತ್ತಿದ್ದರು ಅವರು.

ನಮ್ಮ ಅಂಗಡಿಯ ಮುಂದಿನ ಬೆಂಚಿನಲ್ಲಿ ಸಂಜೆ ಕೂರುವವರಿಗೆ ಮಾರಿದ ಗಾಡಿಗಳ ಮಾತೆಂದರೆ ಊಟ ಬೇಡ. ಒಬ್ಬರು ತಮ್ಮ ಜೀಪಿಗೆ ಹಲುಬುವರು, ಇನ್ನೊಬ್ಬರು ಮಗಳು ಹುಟ್ಟಿದ ವರ್ಷ ಕೊಂಡ ಪುಟ್ಟ ಕೆಂಪು ಕಾರಿಗೆ. ಕೊಡಬಾರದಿತ್ತು ಎಂದು ಎಲ್ಲರೂ ತೊಡೆ ಬಡಿದುಕೊಳ್ಳುವರು. ಅವರ ಗಾಡಿಗಳಾದರೂ ಎಲ್ಲೋ ದೂರದ ಊರಿಗೆ ಹೋಗಿ ಕಣ್ಣಿಗೆ ಮರೆಯಾಗಿದ್ದವು. ಅಪ್ಪಾಜಿಯದು ಹಬ್ಬಕ್ಕೊಮ್ಮೆ ಹೋಗಿ ನೋಡಿ ಬರಬೇಕಾದ ಸಂಕಟ. ಆ ಮಾತು ಬಂದಾಗ ಅವರು ಎದ್ದು ಒಳಗೆ ಹೋಗಿ ಪೈಪುಗಳನ್ನು ಸರಿಯಾಗಿ ಜೋಡಿಸುತ್ತಿದ್ದರು.

ಕೊನೆಗೆ ಒಂದು ಯುಗಾದಿಯ ಮರುದಿನ ಅಪ್ಪಾಜಿ ಗಟ್ಟಿ ಮನಸ್ಸು ಮಾಡಿದರು. ಅಷ್ಟರಲ್ಲಿ ಅವರಿಗೆ ಎದೆಯ ತೊಂದರೆ ಶುರುವಾಗಿತ್ತು. ಆ ಕಾರನ್ನು ರಿಪೇರಿ ಮಾಡಿಸಿ ಒಂದು ಸಲ ಅಂಬ್ಲಿಗೊಳದ ತನಕ ಓಡಿಸಬೇಕು ಎಂಬುದೊಂದೇ ಅವರ ಬಾಯಲ್ಲಿ. ನಾವಿಬ್ಬರೂ ಬಸ್ಸಿನಲ್ಲಿ ಸೊರಬಕ್ಕೆ ಹೋದೆವು. ಊಟವಾಗಿ ಎಲೆ ಅಡಿಕೆ ತಟ್ಟೆ ಬಂದಾಗ ಅಪ್ಪಾಜಿ, "ಬೀಗರೇ, ಆ ಗಾಡಿ ನಿಮಗೂ ಉಪಯೋಗಕ್ಕ ಬರಲಿಲ್ಲ. ನನಗೇ ವಾಪಸ್ ಕೊಡ್ರಿ. ನೀವು ಹೇಳಿದ್ ಬೆಲೆ," ಅಂದರು.

ಅಕ್ಕನ ಮಾವ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಹೇಳಿದರು: "ಉಡಿ ತುಂಬಿ ಕಳಿಸಿದ ಗಾಡಿ ಅದು. ಉಡಿ ತುಂಬಿ ಕಳಿಸಿದ್ದನ್ನು ಯಾರಾದ್ರೂ ಹಿಂದಕ್ಕೆ ಕೇಳ್ತಾರಾ? ಇವತ್ತು ಗಾಡಿ ಕೇಳ್ತೀರಿ. ನಾಳೆ ಮಗಳನ್ನೂ ಕೇಳ್ತೀರಾ?"

"ಅದು ಕಾರ್ ರೀ. ಮಗಳಲ್ಲ," ಎಂದೆ ನಾನು. ದನಿ ಏರಿತ್ತು.

"ನೀನು ಸುಮ್ಮನಿರು ತಂಗಿ. ಹಿರಿಯರು ಮಾತಾಡ್ತಾ ಇದ್ದೇವೆ."

ಇನ್ನೂ ಆಡುವವಳಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನಾವು ಬಸ್ಸು ಹತ್ತಿ ಹೋದ ಮೇಲೆ ಆ ಮನೆಯಲ್ಲಿ ಉಳಿಯುವವಳು ಅವಳು. ಅವಳ ಮುಖ ನೋಡಿ ಬಾಯಿ ಮುಚ್ಚಿದೆ. ಅಪ್ಪಾಜಿ ಕೈಯಲ್ಲಿದ್ದ ಎಲೆಯನ್ನು ತಟ್ಟೆಗೆ ವಾಪಸ್ಸಿಟ್ಟು ಎದ್ದರು. ಊರಿಗೆ ಬಂದು ಹೇಳಿದಾಗ ಅವ್ವ ತನ್ನ ಎರಡೂ ಕೈ ನೋಡಿಕೊಂಡು, "ನನ್ ಕೈಯಾರೆ ನಾನೇ ಕೆಡಿಸಿದ್ನಲ್ಲೋ ಶಿವನೇ," ಎಂದು ಅತ್ತಳು.

ಅದೇ ವರ್ಷ ಅಪ್ಪಾಜಿ ಹೋದರು. ಮಣ್ಣಿಗೆ ಬಂದಿದ್ದ ಅಕ್ಕನ ಮಾವ ನನ್ನ ಪಕ್ಕ ಬಂದು, "ನಿಮ್ಮ ತಂದೆಯವರ ಗಾಡಿ ಜೋಪಾನವಾಗಿಟ್ಟಿದ್ದೇನೆ," ಅಂದರು. ಸಮಾಧಾನದ ಮಾತಂತೆ! ನಾನು ಎದ್ದು ಬೇರೆ ಕಡೆ ಹೋಗಿ ಕೂತೆ.

ಆಮೇಲೆ ಅವರು ಬಹಳ ವರ್ಷ ಬದುಕಿದರು. ಇಷ್ಟೊಂದು ವರ್ಷ ಬದುಕಿದ್ದಕ್ಕೂ ನನಗೆ ಅವರ ಮೇಲೆ ಸಿಟ್ಟಿತ್ತು. ಈಗ ಅವರ ಕರ್ಮಾಂತರವೆಲ್ಲ ಮುಗಿದ ಮೇಲೆ ಭಾವ ಶೆಡ್ಡು ತೆರವು ಮಾಡಿಸಿದ್ದಾರೆ. ರಿಪೇರಿಗೆ ಏನೂ ಉಳಿದಿರಲಿಲ್ಲವಂತೆ, ಕಾರು ಗುಜರಿಯವರ ಪಾಲಾಗಿದೆ. ಅವರು ಎಳೆದುಕೊಂಡು ಹೋಗುವ ಮೊದಲು ಅಕ್ಕ ಈ ಗುಂಡಿಯನ್ನು ತಿರುಗಿಸಿ ಬಿಚ್ಚಿಕೊಂಡಳಂತೆ. ಅದನ್ನು ಸುತ್ತಿ ತಂದ ಹಸಿರು ಬಟ್ಟೆ ಅವ್ವ ಉಡಿ ತುಂಬಿದ ಅದೇ ಕಣ. ಡ್ರೈವರ್ ಸೀಟಿನ ಮೇಲೆ ಹಾಸಿತ್ತಂತೆ.

"ಸೀಟಿನ ಮೇಲೆ ಯಾರೇ ಹಾಸಿದ್ದು?" ಎಂದು ಕೇಳಿದೆ.

ಆಗ ಅಕ್ಕ ಹೇಳಿದಳು. ಮಧ್ಯಾಹ್ನ ಗಿರಣಿ ನಿಲ್ಲಿಸಿ ಎಲ್ಲರೂ ಮಲಗಿದ ಮೇಲೆ ಮಾವ ಶೆಡ್ಡಿಗೆ ಹೋಗುತ್ತಿದ್ದರಂತೆ. ತಾಡಪಾಲು ಸರಿಸಿ, ಸ್ಟೇರಿಂಗಿನ ಹಿಂದೆ ಕೂತು, ಗಾಜು ಏರಿಸಿಕೊಂಡು ಗೇರು ಬದಲಿಸುತ್ತಿದ್ದರಂತೆ. ಸುಮ್ಮನೆ, ನಿಂತ ಗಾಡಿಯಲ್ಲಿ. ಮಜ್ಜಿಗೆ ಕೊಡಲು ಹುಡುಕಿಕೊಂಡು ಹೋದ ಅಕ್ಕನ ಕಣ್ಣಿಗೆ ಒಮ್ಮೆ ಬಿದ್ದುಬಿಟ್ಟರು. "ಯಾರ ಹತ್ರವೂ ಹೇಳ್ಬೇಡ ತಾಯಿ. ನನಗೆ ಓಡಿಸ್ಲಿಕ್ಕೆ ಬರೂದಿಲ್ಲ. ನಿನ್ನ ತಂಗಿ ಅಷ್ಟು ಸಲೀಸಾಗಿ ಓಡಿಸ್ಕೊಂಡು ಬಂದ್ಲು. ಈ ವಯಸ್ಸಲ್ಲಿ ನಾನು ಕಲೀಲಿಕ್ಕೆ ಹೋದ್ರೆ ಊರು ನಗ್ತದೆ," ಎಂದಿದ್ದರಂತೆ. ಮಗ ಓಡಿಸುವುದನ್ನೂ ಅವರಿಂದ ನೋಡಲಾಗುತ್ತಿರಲಿಲ್ಲವಂತೆ. ಅಕ್ಕ ಮಾತು ಕೊಟ್ಟವಳು, ಅವರು ಸಾಯುವ ತನಕ ಹೇಳಲಿಲ್ಲ.

ಇದನ್ನು ಕೇಳಿದರೆ ನನ್ನ ಮನಸ್ಸು ಕರಗುತ್ತದೆ ಎಂದು ಅಕ್ಕ ನಂಬಿ ಬಂದಿದ್ದಳು. ಕರಗಲಿಲ್ಲ, ಇನ್ನಷ್ಟು ಉರಿಯಿತು. ಆ ಮನುಷ್ಯ ಅಪ್ಪಾಜಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ! ಬೆಳಕು ಹರಿಯುವ ಹೊತ್ತಿಗೆ ಅಂಬ್ಲಿಗೊಳದ ರಸ್ತೆಗೆ ಕರೆದುಕೊಂಡು ಹೋಗಿ, ಎಷ್ಟು ಸಲ ಬಂದ್ ಬಿದ್ದರೂ ಕಾದು, ಕಲಿಸಿ, ಯಾರಿಗೂ ಹೇಳದೆ ಇರುತ್ತಿದ್ದರು. ಕುರಿಗೆ ಕಾದ ಮನುಷ್ಯ ಬೀಗರಿಗೆ ಕಾಯುತ್ತಿರಲಿಲ್ಲವೇ? ಕಾರೂ ಓಡುತ್ತಿತ್ತು, ಅಕ್ಕನೂ ಅದರಲ್ಲಿ ಕೂರುತ್ತಿದ್ದಳು. ನಾಲ್ಕು ಜನ ನಗಬಾರದೆಂದು ಆ ಮನುಷ್ಯ ನನ್ನ ಅಪ್ಪನ ಕಾರನ್ನೂ ಕೊನೆಯ ಆಸೆಯನ್ನೂ ಶೆಡ್ಡಿನಲ್ಲಿ ಕೊಳೆಸಿದರು.

ಅಕ್ಕ ಊರಿಗೆ ಹೋದಳು. ಗುಂಡಿ ಈಗ ಅಂಗಡಿಯ ಮೇಜಿನ ಮೇಲಿದೆ. ಗಿರಾಕಿ ಇಲ್ಲದಾಗ ಎಡಗೈಯಲ್ಲಿ ಹಿಡಿದು ಕೂರುತ್ತೇನೆ. ಅಂಗೈ ಕೂರುವ ಜಾಗ ಸವೆದು ಕನ್ನಡಿಯಂತಾಗಿದೆ. ಅದು ಅಪ್ಪಾಜಿಯ ಕೈ ಎಂದುಕೊಂಡು ಸವರುತ್ತೇನೆ. ಆದರೆ ಅಪ್ಪಾಜಿ ಅದನ್ನು ಹಿಡಿದದ್ದು ಕೆಲವೇ ವರ್ಷ. ಆ ಮನುಷ್ಯ ಹಿಡಿದದ್ದು ಅದಕ್ಕಿಂತ ಎಷ್ಟೋ ಹೆಚ್ಚು, ದಿನಾ ಮಧ್ಯಾಹ್ನ… ಈ ನುಣುಪಿನಲ್ಲಿ ನನ್ನ ಅಪ್ಪನ ಕೈ ಯಾವುದು, ಅವರ ಕೈ ಯಾವುದು ಎಂದು ಇನ್ನು ನನಗೆ ಹೇಳುವವರು ಯಾರೂ ಇಲ್ಲ.