ಡೀಸೆಲ್ ಗಾಡಿ ಬೇಡವೆಂದ ಮೂಗು

ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಎತ್ತಿನ ಬಂಡಿಯಲ್ಲಿ ಕಲಬುರಗಿಗೆ ಹೋಗುತ್ತಿದ್ದ ದಿನಗಳನ್ನು ಕಂಡವರು ಈಗ ನಮ್ಮ ಓಣಿಯಲ್ಲಿ ಬೆರಳೆಣಿಕೆಯಷ್ಟು ಜನ. ತಳಕ್ಕೆ ಒಣ ಬಾಳೆಎಲೆ, ಅದರ ಮೇಲೆ ಗೊನೆ, ಗೊನೆಯ ಮೇಲೆ ಮತ್ತೆ ಎಲೆ. ಬಂಡಿ ಕಣ್ಣಿಗೆ ಮರೆಯಾದ ಮೇಲೂ ಹಣ್ಣಿನ ವಾಸನೆ ಓಣಿ ಬಿಟ್ಟು ಹೋಗುತ್ತಿರಲಿಲ್ಲ. ನೀವೂ ಅಂಥ ಓಣಿಯಲ್ಲಿ ಬೆಳೆದವರಾದರೆ, ಓದುತ್ತಿದ್ದಂತೆ ನಿಮ್ಮ ಮೂಗಿಗೂ ಬಂದಿರಬೇಕು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆಯುವ ರೂಢಿ ಇಲ್ಲ. ಆದರೆ ಈ ವಾರ ಸುಮ್ಮನೆ ಕೂಡಲು ಆಗುತ್ತಿಲ್ಲ. ನನ್ನ ಮೊಮ್ಮಗಳು ಭಾಗ್ಯಶ್ರೀ ಹೊಸ ಪಿಕಪ್ ಗಾಡಿ ತಂದಿದ್ದಾಳೆ! ತಂದದ್ದಷ್ಟೇ ಅಲ್ಲ, ತಾನೇ ಓಡಿಸುತ್ತಾಳೆ! ನಮ್ಮ ತೋಟದ ಹಣ್ಣು, ಸುತ್ತಲಿನವರ ಹಣ್ಣು, ಎಲ್ಲ ಅವಳೇ ಒಯ್ಯುತ್ತಾಳಂತೆ. ಕಂಡವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಬಸ್ಸಿನ ಕಂಡಕ್ಟರನನ್ನೂ ಬಿಡಲಿಲ್ಲ. ಅವನು ಟಿಕೆಟ್ ಕೇಳಿದ, ನಾನು ಸಕ್ಕರೆ ಕೊಟ್ಟೆ.

ಗಾಡಿ ಆರಿಸಲು ಕಲಬುರಗಿಯ ಶೋರೂಮಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಅಲ್ಲಿ ಒಂದು ತಾಸು ವಾದ ನಡೆಯಿತು. ಪೆಟ್ರೋಲ್ ಗಾಡಿ ಮೆತ್ತಗೆ ಓಡುತ್ತದೆ, ರಿಪೇರಿ ಕಡಿಮೆ ಅಂತ ನನ್ನ ಮಗ. ಡೀಸೆಲ್ ಗಾಡಿ ಭಾರ ಎಳೆಯುತ್ತದೆ, ಲೀಟರಿಗೆ ಹೆಚ್ಚು ದೂರ ಬರುತ್ತದೆ ಅಂತ ಮೊಮ್ಮಗಳು. ಕೊನೆಗೆ ಅವಳು ನನ್ನ ಕಡೆ ತಿರುಗಿದಳು.

"ಆಯಿ, ನೀ ಹೇಳು. ಯಾವುದು ತಗೊಳ್ಳಲಿ?"

"ಓಡಸಾಕಿ ನೀ. ನಿನ್ನ ಮನಸ್ಸಿಗೆ ಬಂದದ್ದ ತಗೋ. ನನಗ ಮಾತ್ರ ಕೇಳಬ್ಯಾಡ."

"ಯಾಕ? ನಿನಗ ಕೇಳಬಾರದೇನು?"

ಅವಳು ಡೀಸೆಲ್ ತೆಗೆದುಕೊಂಡಳು. ನನ್ನನ್ನು ಯಾಕೆ ಕೇಳಬಾರದು ಅನ್ನುವುದನ್ನು ಈಗ ಬರೆಯುತ್ತಿದ್ದೇನೆ.

ಆಗ ನನಗೆ ಎಂಟೋ ಒಂಬತ್ತೋ ವರ್ಷ. ನಮ್ಮ ಅಪ್ಪನವರು ಮೂವರು ಅಣ್ಣತಮ್ಮಂದಿರು. ದೊಡ್ಡಪ್ಪ ಹೊಲ ನೋಡುತ್ತಿದ್ದ, ಅಪ್ಪ ಬಾಳೆತೋಟ ಮತ್ತು ಮಾರಾಟ ನೋಡುತ್ತಿದ್ದ. ಎಲ್ಲರಿಗಿಂತ ಸಣ್ಣವನು ಶರಣಪ್ಪ ಕಾಕಾ. ಮೂರು ಮಂದಿಗೆ ಸಾಲುವಷ್ಟು ದುಡಿಮೆ ಭೂಮಿಯಲ್ಲಿ ಇರಲಿಲ್ಲ. ಅದಕ್ಕೇ ಕಾಕಾ ನಂದೂರ ಕಡೆಯ ಒಂದು ತೊಗರಿಬೇಳೆ ಗಿರಣಿಯಲ್ಲಿ ಹಮಾಲಿ ಮಾಡಿಕೊಂಡಿದ್ದ. ಲಾರಿ ಓಡಿಸುವುದನ್ನೂ ಅಲ್ಲಿಯೇ ಡ್ರೈವರರ ಬೆನ್ನು ಹತ್ತಿ ಕಲಿತಿದ್ದ. ಊರಿಗೆ ಬಂದಾಗ ಅವನ ಕಣ್ಣರೆಪ್ಪೆಗಳ ಮೇಲೆ ಹಳದಿ ದೂಳು ಕೂತಿರುತ್ತಿತ್ತು. ಮೊದಲ ಎರಡು ದಿನ ಬರೀ ಕೆಮ್ಮು. ನಾಲ್ಕು ಮಾತಾಡುವುದರೊಳಗೆ ಉಸಿರು ಹತ್ತುತ್ತಿತ್ತು.

ಮೂರನೆಯ ದಿನ ಮಾತ್ರ ಅವನು ನಮ್ಮ ಕಾಕಾ ಆಗುತ್ತಿದ್ದ. ಟವೆಲಿನಿಂದ ನನ್ನ ಕಣ್ಣು ಕಟ್ಟಿ, ಮೂಗಿನ ಮುಂದೆ ಒಂದೊಂದೇ ವಸ್ತು ಹಿಡಿಯುತ್ತಿದ್ದ.

"ಇದೇನು?"

"ಹುಣಸಿಹಣ್ಣು."

"ಇದು?"

"ಪುಂಡಿಪಲ್ಲೆ. ನಿನ್ನೀದು."

"ಇದು?"

"ಥೂ! ದೊಡ್ಡಪ್ಪನ ಚಪ್ಪಲ!"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಕೂಡ ನಗುತ್ತಿದ್ದಳು. ಈ ಆಟದಿಂದ ನನ್ನ ಮೂಗಿಗೆ ಊರಲ್ಲಿ ಹೆಸರು ಬಂತು. ಗೋಣಿಚೀಲದೊಳಗಿನ ಹಣ್ಣು ಮಾಗಿದೆಯೋ ಇಲ್ಲವೋ ಅಂತ ತಿಳಿಯಲು ಅಪ್ಪ ನನ್ನನ್ನೇ ಕರೆಯುತ್ತಿದ್ದ.

ಆ ವರ್ಷ ತೊಗರಿ ರಾಶಿ ಮುಗಿದ ಹೊತ್ತಿಗೆ ಮನೆಯಲ್ಲಿ ಒಂದೇ ಮಾತು, ಗಾಡಿ ತರಬೇಕು. ಗಾಡಿ ಬಂದರೆ ಓಡಿಸುವವನು ಕಾಕಾ, ಗಳಿಕೆಯೂ ಅವನದೇ ಅಂತ ಅಪ್ಪ ಹೇಳಿದ. "ಗಾಡಿ ಒಂದು ಚಂದಗೆ ನಡೀತಂದ್ರ ಗಿರಣಿಗೆ ಶರಣು ಹೊಡದು ಬರ್ತೀನಿ," ಅಂದ ಕಾಕಾ. ಅವ್ವ ಅವನಿಗೆ ಹೆಣ್ಣು ಹುಡುಕುವ ಮಾತೂ ತೆಗೆದಳು. ದೂಳು ಕುಡಿದು ಕೆಮ್ಮುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಗಾಡಿಯವನಿಗಾದರೆ ಕೊಡುತ್ತಾರೆ.

ಆದರೆ ಯಾವ ಗಾಡಿ? ಕಲಬುರಗಿಯ ಅಂಗಡಿಯಲ್ಲಿ ಎರಡು ಇದ್ದವು, ಒಂದು ಪೆಟ್ರೋಲಿನದು, ಒಂದು ಡೀಸೆಲಿನದು.

"ಪೆಟ್ರೋಲ್ ಅಂದ್ರ ಕುದುರಿ, ಡೀಸೆಲ್ ಅಂದ್ರ ಎತ್ತು," ಅಂದ ಕಾಕಾ. "ಕುದುರಿ ಚಂದ ಕಾಣತದ ಖರೆ, ಅದರ ಹೊಟ್ಟಿ ತುಂಬಸೂರು ಯಾರು? ಒಕ್ಕಲಿಗಗ ಎತ್ತ ಬೇಕು."

"ಥಂಡಿ ದಿನದಾಗ ಮುಂಜಾನೆ ಎದ್ದೇಳಬೇಕಲ್ಲ ನಿನ್ನ ಎತ್ತು!" ಅಂದ ದೊಡ್ಡಪ್ಪ.

"ನೀ ಏಳೂದರಾಗ ಎದ್ದಿರ್ತದ ಬಿಡು, ಅಣ್ಣಾ."

ಅಪ್ಪನ ಚಿಂತೆ ಬೇರೆ ಇತ್ತು. ಹಿಂದಿನ ವರ್ಷ ಯಾರದೋ ಡೀಸೆಲ್ ಲಾರಿಯಲ್ಲಿ ನಮ್ಮ ಗೊನೆ ಕಳಿಸಿದ್ದೆವು. ಪಕ್ಕದಲ್ಲಿದ್ದ ಡೀಸೆಲ್ ಡಬ್ಬಿ ಸೋರಿ ವಾಸನೆ ಹತ್ತಿತ್ತು. ಹಣ್ಣಿನ ವ್ಯಾಪಾರಿ ಖಾಜಾಸಾಬರು ಒಂದು ಹಣ್ಣು ಮೂಗಿಗೆ ಹಿಡಿದು, "ಅರೇ ಭಾಯಿ, ಇದು ಹಣ್ಣು ಅದನೋ, ಕಂದೀಲು ಅದನೋ?" ಅಂದಿದ್ದರು. ಮಾರ್ಕೆಟಿನ ಮಂದಿಯೆಲ್ಲ ನಕ್ಕಿದ್ದರು. ನಮ್ಮ ಕೆಂಪು ಹಣ್ಣಿಗೆ ವಾಸನೆಯೇ ಮರ್ಯಾದೆ. ಅದು ಕೆಟ್ಟರೆ ಉಳಿದದ್ದು ಬರೀ ಸಿಪ್ಪೆ.

ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದ. ಅಂಗಡಿಯವರನ್ನು ಕೇಳಿ ಎರಡೂ ಗಾಡಿಗಳನ್ನು ಒಂದೊಂದು ದಿನಕ್ಕೆ ತರಿಸುವುದು. ಎರಡರಲ್ಲೂ ಮಾಗಿದ ಗೊನೆ ತುಂಬಿ ಕಲಬುರಗಿಗೆ ಒಯ್ಯುವುದು. ಮಾರ್ಕೆಟಿನಲ್ಲಿ ಎಲೆ ಬಿಚ್ಚಿ ಮೂಸಿ ನೋಡುವುದು. ಮೂಸುವವಳು ನಾನು; ತನ್ನ ಮೂಗಿಗಿಂತ ನನ್ನ ಮೂಗಿನ ಮೇಲೆಯೇ ಅಪ್ಪನಿಗೆ ನಂಬಿಕೆ.

ಮೊದಲ ದಿನ ಪೆಟ್ರೋಲ್ ಗಾಡಿ. ಮುಂದಿನ ಸೀಟಿನಲ್ಲಿ ಕಾಕಾ ಮತ್ತು ನಾನು ಇಬ್ಬರೇ. ಅಪ್ಪ ಬಸ್ಸಿನಲ್ಲಿ ಮುಂದೆ ಹೋಗಿದ್ದ. ಅಯ್ಯೋ, ಆ ದಿನವನ್ನು ಏನಂತ ಹೇಳಲಿ! ಎಂಜಿನ್ ಬೆಕ್ಕಿನ ಹಾಗೆ ಗುರ್ರ್ ಅನ್ನುತ್ತಿತ್ತು, ಅಷ್ಟೇ. ಕಾಕಾನ ಬಾಯಿಗೆ ತಡೆಯೇ ಇಲ್ಲ. ದಾರಿಯಲ್ಲಿ ಕಂಡ ಎಮ್ಮೆಯನ್ನು ನೋಡಿ, "ಏನವ್ವಾ, ಗಂಡನ ಮನಿಗೆ ಹೊಂಟೀಯೇನು?" ಅನ್ನುತ್ತಿದ್ದ. ಎಮ್ಮೆಯ ಪರವಾಗಿ ದೊಡ್ಡಪ್ಪನ ದನಿಯಲ್ಲಿ ತಾನೇ ಉತ್ತರ ಕೊಡುತ್ತಿದ್ದ, "ಹೂಂ, ಹುಲ್ಲು ಕಟ್ಟಿಸ್ಕೊಡು!" ಜಾಲಿಗಿಡಕ್ಕೆ ಒಂದು ಮಾತು, ಮೈಲುಗಲ್ಲಿಗೆ ಒಂದು ಮಾತು. ಒಮ್ಮೆಯೂ ಕೆಮ್ಮಲಿಲ್ಲ. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಕಾಕಾನ ಅಷ್ಟು ಮಾತು, ಅಷ್ಟೂ ನನ್ನೊಬ್ಬಳಿಗೇ, ಅದಕ್ಕೂ ಮುಂಚೆ ಸಿಕ್ಕಿರಲಿಲ್ಲ.

ಮಾರ್ಕೆಟಿನಲ್ಲಿ ಎಲೆ ಬಿಚ್ಚಿದರು. ಮೂಸಿದೆ. ಹಣ್ಣು ಹಣ್ಣಿನ ಹಾಗೆಯೇ ಇತ್ತು. ಕಾಕಾ ಬಿಸಿ ಮಿರ್ಚಿಭಜಿ ಕೊಡಿಸಿದ.

ಮರುದಿನ ಡೀಸೆಲ್ ಗಾಡಿ. ಶುರುವಾದಾಗಲೇ ಗಿಡದ ಕಾಗೆಗಳು ಹಾರಿಹೋದವು. ಸೀಟು ನಡುಗುತ್ತಿತ್ತು, ಹಲ್ಲು ಹಲ್ಲಿಗೆ ಬಡಿಯುತ್ತಿತ್ತು. ಕಾಕಾನ ಮುಖ ನೋಡಬೇಕಿತ್ತು ನೀವು! ಏರಿನಲ್ಲಿ ತುಂಬಿದ ಗಾಡಿ ಒಂದಿಷ್ಟೂ ತಿಣುಕದೆ ಹತ್ತಿತು. ಅವನು ಸ್ಟಿಯರಿಂಗನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿದ. ನನ್ನ ಕಡೆ ತಿರುಗಿ ಏನೋ ಹೇಳಿದ. ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ.

"ಏನು?" ಅಂತ ಕೂಗಿದೆ.

ಮತ್ತೆ ಹೇಳಿದ. ಮತ್ತೆ ಕೇಳಲಿಲ್ಲ. ಅವನು ನಕ್ಕು ಕೈಯಾಡಿಸಿ ದಾರಿ ನೋಡತೊಡಗಿದ. ಎದುರಿಗೆ ಎಮ್ಮೆಗಳ ಹಿಂಡು ಬಂತು. ಅವುಗಳಿಗೂ ಅವನು ಏನೋ ಅಂದ. ಎಮ್ಮೆ ಏನು ಉತ್ತರ ಕೊಟ್ಟಿತೋ ನನಗೆ ತಿಳಿಯಲಿಲ್ಲ. ಕಲಬುರಗಿ ಬರುವ ತನಕ ಕಿಟಕಿಗೆ ಹಣೆ ಹಚ್ಚಿ ಸಿಟ್ಟಿನಿಂದ ಕೂತೆ.

ಮಾರ್ಕೆಟಿನಲ್ಲಿ ಅಪ್ಪ ಮತ್ತು ಖಾಜಾಸಾಬರು ಕಾಯುತ್ತಿದ್ದರು. ಖಾಜಾಸಾಬರಿಗೆ ಅಂದು ನೆಗಡಿ. "ನನ್ನ ಮೂಗ ಇವತ್ತ ಬಂದ್ ಅದ. ಬೇಟಿಗೇ ಕೇಳ್ರಿ," ಅಂದರು. ಅಪ್ಪ ಎಲೆ ಸರಿಸಿ ಒಂದು ಹಣ್ಣು ಮುರಿದು ನನ್ನ ಕೈಗಿಟ್ಟ.

"ನೀಲವ್ವಾ, ನೋಡು. ಅವಸರ ಮಾಡಬ್ಯಾಡ."

ಕಣ್ಣು ಮುಚ್ಚಿ ಮೂಸಿದೆ. ಬೆಲ್ಲ ಕಾಸುವಾಗ ಬರುವಂಥ, ಮಾಗಿದ ಹಣ್ಣಿನ ವಾಸನೆ. ಬೇರೆ ಏನೂ ಇಲ್ಲ. ಎಳ್ಳಷ್ಟೂ ಇಲ್ಲ. ಕಣ್ಣು ಬಿಟ್ಟಾಗ ಕಾಕಾ ಸೊಂಟದ ಮೇಲೆ ಕೈಯಿಟ್ಟು, ಗೆದ್ದವನಂತೆ ನಗುತ್ತ ನಿಂತಿದ್ದ. ನನಗೆ ಆ ಬೆಕ್ಕಿನಂಥ ಗಾಡಿ ಬೇಕಿತ್ತು. ಅದರೊಳಗಿನ ಮಾತಾಡುವ ಕಾಕಾ ಬೇಕಿತ್ತು.

"ಬರ್ತದ," ಅಂದೆ.

"ಏನು ಬರ್ತದ?"

"ಕಂದೀಲಿನ ವಾಸನಿ."

ಖಾಜಾಸಾಬರು ತೊಡೆ ತಟ್ಟಿ ನಕ್ಕರು. ಕಾಕಾನ ನಗು ನಿಂತಿತು. ಹಣ್ಣು ಕಸಿದುಕೊಂಡು ಮೂಸಿದ. ಇನ್ನೊಂದು ಮುರಿದ, ಅದನ್ನೂ ಮೂಸಿದ.

"ಅಣ್ಣಾ, ನನಗೇನೂ ಬರವಲ್ದು."

"ಗಿರಣಿ ದೂಳು ಕುಡದದ್ದು ನಿನ್ನ ಮೂಗು. ಅದಕ್ಕೇನು ತಿಳಿತದ?" ಅಂದ ಅಪ್ಪ.

ಕಾಕಾ ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ, ನಂಬಿಕೆಯಿಂದ. ಇವಳು ಹೇಳಿದರೆ ಇರಬೇಕು ಅನ್ನುವ ಹಾಗೆ. ಎರಡನೆಯ ಹಣ್ಣನ್ನು ಮೆಲ್ಲಗೆ ಎಲೆಯ ಮೇಲೆ ಇಟ್ಟ.

ಪೆಟ್ರೋಲ್ ಗಾಡಿಯೇ ಬಂತು. ಕಾಕಾ ಗಿರಣಿ ಬಿಟ್ಟು ಬಂದ. ಆ ಬೇಸಿಗೆ ನನ್ನ ಬಾಳಿನ ಚೊಕ್ಕ ಬಂಗಾರ. ಶಾಲೆ ಸೂಟಿ, ಮಡಿಲಲ್ಲಿ ಶೇಂಗಾಹಿಂಡಿ ಸವರಿದ ರೊಟ್ಟಿ, ಪಕ್ಕದಲ್ಲಿ ಕಾಕಾ. ಅವನ ರೆಪ್ಪೆಗಳು ಕಪ್ಪಗಾದವು, ಕೆಮ್ಮು ಇಳಿಯಿತು. ಅವ್ವ ಒಂದು ಹೆಣ್ಣನ್ನೂ ನೋಡಿ ಬಂದಳು.

ಮುಂದಿನ ವರ್ಷ ಪೆಟ್ರೋಲಿನ ದರ ಏರಿತು. ಏರಿದ್ದು ಇಳಿಯಲಿಲ್ಲ. ದಿನಾ ಓಡುತ್ತಿದ್ದ ಗಾಡಿ ಮೂರು ದಿನಕ್ಕೊಮ್ಮೆ ಓಡಿತು. ಆಮೇಲೆ ಸಂತೆಯ ದಿನ ಮಾತ್ರ. ಕೊನೆಗೆ ಬೇವಿನ ಗಿಡದ ಕೆಳಗೆ ನಿಂತಿತು, ಸೀಟಿನ ಮೇಲೆ ಕೋಳಿ ಮೊಟ್ಟೆ ಇಡತೊಡಗಿತು. ಸುತ್ತಲಿನ ಊರುಗಳ ಡೀಸೆಲ್ ಗಾಡಿಗಳು ಸದ್ದು ಮಾಡುತ್ತ ನಮ್ಮ ಮುಂದೆಯೇ ಹೋಗುತ್ತಿದ್ದವು. ಆ ಸದ್ದು ಕೇಳಿದಾಗಲೆಲ್ಲ ಕಾಕಾ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಒಂದು ಮುಂಜಾನೆ ಹಾಸಿಗೆ ಸುತ್ತಿಕೊಂಡು ಗಿರಣಿಗೆ ಹೊರಟ. ಗಾಡಿ ಬಂದಷ್ಟಕ್ಕೆ ಮಾರಿದರು. ಹೆಣ್ಣಿನ ಕಡೆಯವರು ಸುದ್ದಿ ಎತ್ತಲಿಲ್ಲ.

ನನಗೆ ಹನ್ನೆರಡಾದಾಗ ಅವ್ವನ ಜೊತೆ ನಂದೂರಿಗೆ ಹೋಗಿದ್ದೆ, ಕಾಕಾನಿಗೆ ರೊಟ್ಟಿಬುತ್ತಿ ಕೊಡಲು. ಗಿರಣಿಯ ಗೋಡೆ, ಗಿಡ, ಅಂಗಳದ ನಾಯಿ ಎಲ್ಲವೂ ಹಳದಿ. ಅವ್ವ ನೀರು ತರಲು ಹೋದಾಗ ತಡೆಯಲಾಗಲಿಲ್ಲ.

"ಕಾಕಾ, ಆವತ್ತ ಹಣ್ಣಿಗೆ ವಾಸನಿ ಬಂದಿರಲಿಲ್ಲ."

ಅವನು ರೊಟ್ಟಿ ಮುರಿಯುತ್ತಿದ್ದ. "ಯಾವತ್ತ?"

"ಡೀಸೆಲ್ ಗಾಡ್ಯಾಗ. ನಾ ಸುಳ್ಳ ಹೇಳಿದ್ದೆ. ಆ ಗಾಡ್ಯಾಗ ನಿನ್ನ ಮಾತ ಕೇಳಸ್ತಿರಲಿಲ್ಲ."

ಮುರಿದ ತುಂಡನ್ನು ಮತ್ತೆ ಬುತ್ತಿಯಲ್ಲಿಟ್ಟ. ಆಮೇಲೆ ಕೇಳಿದ, "ಖರೇನೂ ಬಂದಿರಲಿಲ್ಲೇನು?"

"ಇಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ."

ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ತಲೆ ಸವರಿ ಸಮಾಧಾನ ಮಾಡುತ್ತಾನೆ ಅಂತಲೂ ಒಳಗೊಳಗೆ ಆಸೆಯಿತ್ತು. ಅದನ್ನೂ ಮಾಡಲಿಲ್ಲ. ಅಷ್ಟರಲ್ಲಿ ಪಾಳಿಯ ಗಂಟೆ ಹೊಡೆಯಿತು. ಅರ್ಧ ರೊಟ್ಟಿ ಬುತ್ತಿಯಲ್ಲೇ ಬಿಟ್ಟು, ಬಾಯಿಗೆ ಟವೆಲ್ ಕಟ್ಟಿಕೊಂಡು ಒಳಗೆ ಹೋದ. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಊರಿಗೆ ಬಂದಾಗ ನನಗೆ ಬತ್ತಾಸು ತರುವುದನ್ನು ಬಿಡಲಿಲ್ಲ. ಕಣ್ಣು ಕಟ್ಟುವ ಆಟವನ್ನು ಮಾತ್ರ ಬಿಟ್ಟ.

ನಲವತ್ತು ತುಂಬುವ ಮೊದಲೇ ಕಾಕಾ ಹೋದ. ಡಾಕ್ಟರು ಎದೆಯೊಳಗೆ ದೂಳು ಅಂದರು.

ಅಪ್ಪನಿಗೆ ನಾನೊಬ್ಬಳೇ ಮಗಳು. ಅಳಿಯನನ್ನೇ ಮನೆಗೆ ತಂದರು, ಹಾಗಾಗಿ ಈ ತೋಟ ಬಿಟ್ಟು ನಾನೆಲ್ಲೂ ಹೋಗಲಿಲ್ಲ. ಈಗ ಕೆಂಪು ಬಾಳೆ ಬೆಳೆಯುವವರೇ ಕಡಿಮೆ. ಬಂಡಿಗಳು ಹೋದವು, ಖಾಜಾಸಾಬರು ಹೋದರು. ಅವೆಲ್ಲ ಹೋಗುವವೇ ಆಗಿದ್ದವು, ಅದಕ್ಕೆ ನಾನು ಅಳುವುದಿಲ್ಲ.

ನಮ್ಮ ಮನೆತನದಲ್ಲಿ ಒಂದು ರೂಢಿಯಿದೆ. ಹೊಸದು ಏನು ಬಂದರೂ ಅಣ್ಣತಮ್ಮಂದಿರ ಮನೆಗೊಂದರಂತೆ ಕಾಯಿ ಒಡೆಯಬೇಕು. ನಿನ್ನೆ ಗಾಡಿಯ ಪೂಜೆ. ಭಾಗ್ಯಶ್ರೀ ಹೊಸ ಸೀರೆಯುಟ್ಟು, ಕೈಯಲ್ಲಿ ಚಾವಿ ಹಿಡಿದು ಅಂಗಡಿಗೆ ಹೊರಟಿದ್ದಳು. ಅವಳನ್ನು ನೋಡಿದರೆ ಸಾಕು, ನನ್ನ ಕಣ್ಣು ತುಂಬುತ್ತಿತ್ತು.

"ಆಯಿ, ಎಷ್ಟ ಕಾಯಿ ತರಲಿ?"

"ಎರಡು," ಅಂದೆ.

ದೊಡ್ಡಪ್ಪನ ಮನೆಯದೊಂದು, ನಮ್ಮದೊಂದು. ಕಾಕಾನಿಗೆ ಮನೆಯಾಗಲೇ ಇಲ್ಲ. ಆಗಿದ್ದರೆ ಅವನ ಮೊಮ್ಮಕ್ಕಳು ಯಾರಾದರೂ ಚಕ್ರದ ಮುಂದೆ ಕಾಯಿ ಹಿಡಿದು, ನಮ್ಮದು ಮೊದಲು, ನಮ್ಮದು ಮೊದಲು ಅಂತ ಜಗಳಾಡುತ್ತಿದ್ದರು.

ಎರಡು ಕಾಯಿ ಒಡೆದವು. ಮಂದಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.